ಹನ್ನೆರಡು ಹಳದಿ ಚುಕ್ಕೆಗಳು

ನೀವು ಹೇಳಿದ್ದಿರಿ ಚಾಚಾ. ನಾನು ಕೇಳಿಸಿಕೊಂಡಿದ್ದೆ. ಏಳು ವರ್ಷಗಳ ಹಿಂದೆ ಶೆಡ್ಡಿನ ಸಾಹುಕಾರರ ಎದುರು ನಿಂತು "ಹೇಳಿಲ್ಲ" ಎಂದು ನಾನು ಆಡಿದ್ದು ಶುದ್ಧ ಸುಳ್ಳು. ನಿಮ್ಮ ನೆನಪಿಗೆ ಅಂದೂ ಏನೂ ಆಗಿರಲಿಲ್ಲ, ಇಂದೂ ಏನೂ ಆಗಿಲ್ಲ.

ಈ ನಾಲ್ಕು ಸಾಲು ಬರೆಯಲು ಬೆಳಗಿನಿಂದ ಎಷ್ಟು ಹಾಳೆ ಹರಿದೆನೋ. ಬಾಯಿಂದ ಹೇಳಲು ನನ್ನಿಂದಾಗದು — ನಿಮ್ಮ ಮುಖ ಕಂಡ ಕೂಡಲೇ ಮಳೆ, ಬೆಳೆ, ಮೊಣಕಾಲು ನೋವು ಎಂದು ಮಾತು ತಿರುಗಿಸಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಬರೆದುಕೊಂಡು ಬಂದು ನಿಮ್ಮೆದುರು ಓದುವುದೆಂದು ನಿಶ್ಚಯಿಸಿದ್ದೇನೆ. ನಿಮ್ಮ ಮಗಳು ರೇಷ್ಮಾಳೂ ಕೂತು ಕೇಳಲಿ. ಆಕೆಗೆ ಎಂಜಿನ್ನಿನ ಕೆಲಸ ತಿಳಿಯದು, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಲಕಮನಹಳ್ಳಿಯ ನಮ್ಮ ಶೆಡ್ಡಿಗೆ ಘಟ್ಟದ ಕೆಳಗಿನಿಂದ ಮೀನಿನ ಬೋಟುಗಳ ಎಂಜಿನ್ನುಗಳು ಲಾರಿಯಲ್ಲಿ ಬರುತ್ತಿದ್ದವು. ನಾನೋ ಸುಳ್ಳ ಎಂಬ ಊರಿನ ಎರೆಹೊಲದಿಂದ ಎದ್ದು ಬಂದವ, ಸಮುದ್ರವನ್ನು ಕಣ್ಣಿಂದ ಕಂಡವನಲ್ಲ. ನೀವು ಕಲಿಸಿದಿರಿ. ಎಲ್ಲ ಬಿಚ್ಚಿ ತೊಳೆದು ಮತ್ತೆ ಕಟ್ಟಿದ ಮೇಲೆ ಕೊನೆಯ ಕೆಲಸ ವಾಲ್ವ್ ಸೆಟ್ಟಿಂಗ್. ಆರು ಸಿಲಿಂಡರಿಗೆ ಹನ್ನೆರಡು ವಾಲ್ವು, ಪ್ರತಿಯೊಂದನ್ನೂ ಒತ್ತಲು ಒಂದು ರಾಕರ್, ಎರಡರ ನಡುವೆ ಕೂದಲೆಳೆಯಷ್ಟು ಸಂದು. ಗೇಜಿನ ತೆಳ್ಳನೆಯ ಪಟ್ಟಿ ಆ ಸಂದಿನಲ್ಲಿ ತುಸು ಹಿಡಿದು ಹಿಡಿದು ಜಾರಬೇಕು. ಸ್ಕ್ರೂ ತಿರುಗಿಸಿ ಸಂದು ಹೊಂದಿಸುವುದು, ಆಮೇಲೆ ಸ್ಕ್ರೂ ಅಲುಗದಂತೆ ಲಾಕ್ ನಟ್ಟು ಬಿಗಿಯುವುದು. ನಟ್ಟು ಸಡಿಲ ಉಳಿದರೆ ಎಂಜಿನ್ನಿನ ಅದುರಿಗೆ ಸ್ಕ್ರೂ ದಿನಕ್ಕಿಷ್ಟು ಹಿಂದೆ ಸರಿಯುತ್ತದೆ, ಒಂದು ದಿನ ರಾಕರನ್ನು ಎತ್ತುವ ಕೆಳಗಿನ ರಾಡು ತಪ್ಪಿ ಬಾಗಿ ಎಂಜಿನ್ನು ಕೈಕೊಡುತ್ತದೆ.

ಅದಕ್ಕೇ ಶೆಡ್ಡಿನಲ್ಲಿ ಒಂದು ಕಟ್ಟಳೆ. ಒಬ್ಬ ಸೆಟ್ ಮಾಡಿದ್ದನ್ನು ಇನ್ನೊಬ್ಬ ಗೇಜು ಹಾಕಿ, ನಟ್ಟಿಗೆ ಪಾನಾ ಹಾಕಿ ನೋಡಬೇಕು; ಸರಿಯಿದ್ದರೆ ರಾಕರಿನ ಮೇಲೆ ಹಳದಿ ಬಣ್ಣದ ಚುಕ್ಕೆ ಇಡಬೇಕು. ನೀವು ಸೆಟ್ ಮಾಡುತ್ತಿದ್ದಿರಿ. ಚುಕ್ಕೆ ನನ್ನದು.

ಮೊದಲ ವರ್ಷ ನಾನು ಒಂದೂ ಬಿಡದೆ ನೋಡಿದೆ. ಒಮ್ಮೆಯಾದರೂ ತಪ್ಪು ಸಿಗಬಾರದೇ — ಸಿಗಲಿಲ್ಲ. ಬರಬರುತ್ತ ನಿಮ್ಮ ಕೈಕೆಲಸಕ್ಕೆ ಗೇಜು ಹಾಕುವುದೆಂದರೆ ತಂದೆ ಎಣಿಸಿಕೊಟ್ಟ ಹಣವನ್ನು ಅವನೆದುರೇ ಮತ್ತೆ ಎಣಿಸಿದ ಹಾಗೆ ಅನಿಸತೊಡಗಿತು. ನೋಡುವುದನ್ನು ಬಿಟ್ಟೆ. ಸುಮ್ಮನೆ ಹನ್ನೆರಡು ಚುಕ್ಕೆ ಇಟ್ಟು ಮುಚ್ಚಳ ಹಾಕುತ್ತಿದ್ದೆ. ಸಾಹುಕಾರರಿಗೂ ಗೊತ್ತಿತ್ತು, ನಗುತ್ತಿದ್ದರು. ಗೌರವ ಎಂದು ನಾನು ಹೆಸರಿಟ್ಟುಕೊಂಡಿದ್ದೆ. ಮೈಗಳ್ಳತನಕ್ಕೆ ಎಂಥ ಚೆಂದದ ಹೆಸರು.

ಆ ದಿನ ಕೊನೆಗೆ ಉಳಿದಿದ್ದ ಐದನೆಯ ಸಿಲಿಂಡರಿನ ಮೇಲೆ ನೀವು ಬಾಗಿದ್ದಾಗ ಫೋನು ಬಂತು. ರೇಷ್ಮಾಳಿಗೆ ಹೆರಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ರಕ್ತ ಕೇಳುತ್ತಿದ್ದಾರೆ ಎಂದು. ಅಷ್ಟು ಅವಸರದಲ್ಲೂ ಪಾನಾ ಕೆಳಗಿಟ್ಟು, ನನ್ನ ಹತ್ತಿರ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಿರಿ:

"ಬಸಣ್ಣಾ, ಐದನೇದರ ನಟ್ಟು ಬರೇ ಕೈಲೆ ತಿರುವೇನಿ ನೋಡಪಾ. ಬಿಗಿ ಮಾಡು. ಆರನೇದು ಆಗೇತಿ."

"ಹೂಂ ಚಾಚಾ, ನೀವು ಲಗೂ ಹೋಗ್ರಿ" ಎಂದೆ.

ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನೀವು ಹೋದಿರಿ. ನಾನು ಕೈ ತೊಳೆದು ರೊಟ್ಟಿ ಬಿಚ್ಚಿದೆ. ಉಂಡು ಬಂದು ಬಣ್ಣದ ಡಬ್ಬಿ ತೆಗೆದುಕೊಂಡೆ — ಮರೆತಿದ್ದೆನೇ? ಏಳು ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಮರೆತೆ ಎನ್ನಲು ಬಾಯಿ ಬರುವುದಿಲ್ಲ. ನನ್ನ ಕೈಗೆ ಚುಕ್ಕೆ ಇಡುವುದೊಂದೇ ರೂಢಿಯಿತ್ತು, ನೋಡುವುದು ಇರಲಿಲ್ಲ. ಒಂದರಿಂದ ಹನ್ನೆರಡರವರೆಗೆ ಇಟ್ಟೆ. ಮುಚ್ಚಳ ಹಾಕಿದೆ. ಅರ್ಧ ತಾಸು ಎಂಜಿನ್ನು ಓಡಿಸಿ ನೋಡಿದಾಗ ಸದ್ದು ಹದವಾಗಿಯೇ ಇತ್ತು.

ಇಪ್ಪತ್ತು ದಿನಕ್ಕೆ ಸುದ್ದಿ ಬಂತು. ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ಅಲೆಗಳ ನಡುವೆ ಎಂಜಿನ್ನು ದಮ್ಮು ಕಳೆದುಕೊಂಡಿತಂತೆ. ಬೋಟು ಅಡ್ಡ ತಿರುಗಿತಂತೆ. ಮೂವರು ಈಜಿ ದಡ ಸೇರಿದರು. ಚುಕ್ಕಾಣಿ ಹಿಡಿದಿದ್ದ ಗಣಪತಿ ಎಂಬುವವ ಸೇರಲಿಲ್ಲ.

ಉಸುಕಿಗೆ ಬಿದ್ದ ಬೋಟಿನಿಂದ ಎಂಜಿನ್ನು ಎತ್ತಿ ನಮ್ಮಲ್ಲಿಗೇ ತಂದರು. ಮುಚ್ಚಳ ತೆಗೆದಾಗ ಐದನೆಯದರ ನಟ್ಟು ಕಳಚಿ ಬದಿಗೆ ಬಿದ್ದಿತ್ತು, ರಾಡು ಬಾಗಿತ್ತು. ಅದರ ರಾಕರಿನ ಮೇಲೆ ನಾನಿಟ್ಟ ಚುಕ್ಕೆ ಹಾಗೇ ಹಳದಿಯಾಗಿ ಕೂತಿತ್ತು. ಸಾಹುಕಾರರು ನನ್ನನ್ನು ನೋಡಿದರು. ಚಾಚಾನ ಕೆಲಸವನ್ನು ನಾನೆಲ್ಲಿ ನೋಡುತ್ತೇನೆ, ಬಿಗಿ ಮಾಡಿರುತ್ತಾರೆ ಅಂದುಕೊಂಡೆ ಎಂದೆ. ಆಗ ನೀವು ನನ್ನ ಕಡೆ ತಿರುಗಿದಿರಿ. ಸಿಟ್ಟಿನಿಂದಲ್ಲ — ಮನೆಯ ಬೀಗದ ಕೈ ಎಲ್ಲಿಟ್ಟೆ ಎಂದು ಕೇಳುವವರ ಹಾಗೆ.

"ನಾ ನಿನಗ ಹೇಳಿ ಹೋಗಿದ್ದೆ ಅಲ್ಲೇನು, ಬಸಣ್ಣಾ?"

"ಇಲ್ಲ ಚಾಚಾ. ನೀವು ಏನೂ ಹೇಳಿಲ್ಲ."

ನೀವು ನನ್ನೊಡನೆ ವಾದಿಸಬಹುದಿತ್ತು. ಬೈಯಬಹುದಿತ್ತು. ವಾದಿಸಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ — ಇಲ್ಲ, ಇದೂ ನಿಮ್ಮ ಮೇಲೆ ಹೊರಿಸುವ ಮಾತೇ. ನೀವು "ಹಂಗಾರ ಹೇಳಿಲ್ಲ ಬಿಡು. ಮಗಳ ಚಿಂತ್ಯಾಗ ಮರ್ತಿರಬೇಕು" ಎಂದಿರಿ. ನಿಮ್ಮ ತಲೆಗಿಂತ ನನ್ನ ನಾಲಿಗೆಯನ್ನು ನಂಬಿದಿರಿ. ಮರುದಿನದಿಂದ ಶೆಡ್ಡಿಗೆ ಬರಲಿಲ್ಲ.

ಕೆಲಸ ಹೋದದ್ದಷ್ಟೇ ಆಗಿದ್ದರೆ ಬೇರೆ ಮಾತು. ನೀವು ಓಣಿಯ ತಿರುವಿನಿಂದ ವಾಪಸ್ಸು ಬಂದು ಮೂರು ಸಲ ಬೀಗ ಜಗ್ಗಿ ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮಾಜು ಮುಗಿಸಿದಿರೋ, ನಡುವೆ ಎದ್ದುಬಿಟ್ಟಿರೋ ಎಂದು ಮೊಮ್ಮಗಳನ್ನು ಕೇಳುತ್ತೀರಂತೆ. ಅಪ್ಪನಿಗೆ ಮರೆವು ಎಂದು ರೇಷ್ಮಾ ಗ್ಯಾಸಿನ ಹತ್ತಿರ ಹೋಗಲು ಬಿಡುವುದಿಲ್ಲ. ರೇಷ್ಮಾ, ನಿನ್ನ ಅಪ್ಪನಿಗೆ ಮರೆವಿಲ್ಲ ತಂಗೀ. ಅವರ ಬುದ್ಧಿಯ ಮೇಲಿನ ಅವರ ಭರವಸೆಯನ್ನು ನಾನು ಕಿತ್ತುಕೊಂಡೆ, ಅಷ್ಟೇ. ನೀವಿಬ್ಬರೂ ಅದನ್ನು ವಯಸ್ಸು ಎಂದುಕೊಂಡಿರಿ.

ಪ್ರತಿ ವರ್ಷ ನೀವು ಒಂದು ಚೀಲ ಜೋಳ ಹೊತ್ತು ಬಸ್ಸಿನಲ್ಲಿ ಘಟ್ಟ ಇಳಿದು ಗಣಪತಿಯ ಹೆಂಡತಿಯ ಮನೆಗೆ ಹೋಗಿ, ಜಗುಲಿಯ ಮೇಲೆ ಕೂತು ಬರುತ್ತಿದ್ದಿರಿ. ಆಕೆ ಮಾತಾಡಿಸುತ್ತಿರಲಿಲ್ಲ, ಮೂರನೆಯ ವರ್ಷ ನೀರು ಕೊಟ್ಟಳೆಂದು ನನ್ನೆದುರು ಕಣ್ಣು ಒರೆಸಿಕೊಂಡಿರಿ. ನಾನು ತಲೆ ಆಡಿಸುತ್ತ ಕೂತಿದ್ದೆ. ಥೂ, ಎಂಥ ಜನ್ಮ ನನ್ನದು.

ಕಳೆದ ತಿಂಗಳು ನನ್ನನ್ನು ಕರೆಸಿ ಹೇಳಿದಿರಿ: "ಈ ಸಲ ನೀ ಹೋಗಿ ಬಾರಪಾ. ತಪ್ಪು ಮಾಡಿದಾಂವಗ ಮೊಣಕಾಲು ಬ್ಯಾನಿ, ಅದಕ್ಕ ಬರಲಿಲ್ಲ ಅಂತ ಹೇಳು."

ಹೋದೆ. ಸಮುದ್ರವನ್ನು ಮೊದಲ ಸಲ ಕಂಡೆ. ನೋಡಲಾಗಲಿಲ್ಲ, ಬೆನ್ನು ಹಾಕಿ ನಡೆದೆ. ಆಕೆ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ನೀವು ಹೇಳಿಕೊಟ್ಟ ಮಾತನ್ನೇ ಒಪ್ಪಿಸಿದೆ. ತಪ್ಪು ಮಾಡಿದವನಿಗೆ ಮೊಣಕಾಲು ನೋವು — ನೆಟ್ಟಗೆ ನಿಂತು, ಗಟ್ಟಿ ಕಾಲುಗಳ ಮೇಲೆ ನಿಂತು, ಹೇಳಿದೆ. ಆಕೆ ಬುಟ್ಟಿ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಅಂದಳು:

"ಆ ಅಜ್ಜಂಗೆ ಹೇಳಿ, ನಮ್ಗೆ ಅವ್ರ ಮೇಲೆ ಸಿಟ್ಟಿಲ್ಲ. ಬಿಟ್ಬಿಟ್ಟಿದೇವೆ. ಆರಾಮಿರ್ಲಿ."

ನನಗೆ ಚಹಾ ಕೊಟ್ಟಳು. ಕುಡಿದೆ. ಆಗಲೂ ನನ್ನ ಬಾಯಿ ತೆರೆಯಲಿಲ್ಲ.

ಬಂದು ಇಪ್ಪತ್ತೆರಡು ದಿನವಾಯಿತು. ಆಕೆ ಮನೆಯಲ್ಲಿ ಸಿಗಲಿಲ್ಲವೆಂದು ನಿಮಗೆ ಫೋನಿನಲ್ಲಿ ಇನ್ನೊಂದು ಸುಳ್ಳು ಹೇಳಿದ್ದೇನೆ. ಆಕೆಯ ಮಾತನ್ನು ನಿಮಗೆ ಮುಟ್ಟಿಸಿದ್ದರೆ ನೀವು ಅಂದೇ ನಿಶ್ಚಿಂತೆಯಾಗಿ ಮಲಗುತ್ತಿದ್ದಿರಿ, ನನ್ನ ಗುಟ್ಟೂ ಉಳಿಯುತ್ತಿತ್ತು. ಎರಡು ಸಲ ನಿಮ್ಮ ಬಾಗಿಲವರೆಗೆ ಬಂದದ್ದು ಆ ಉದ್ದೇಶದಿಂದಲೇ. ಆದರೆ ಆ ಕ್ಷಮೆಯನ್ನು ನೀವು ಕೈಚಾಚಿ ತೆಗೆದುಕೊಂಡ ಕ್ಷಣಕ್ಕೆ ನನ್ನ ತಪ್ಪು ಸಾಯುವವರೆಗೂ ನಿಮ್ಮದೇ ಆಗಿಬಿಡುತ್ತಿತ್ತು.

ಇಷ್ಟು ಓದಿ ಮುಗಿಸಿ ನಾನು ಕೂತಿರುತ್ತೇನೆ. ಏನಾದರೂ ಅನ್ನಿ, ಇಲ್ಲವೇ ಏನೂ ಅನ್ನದಿರಿ. ಮಾಫ್ ಮಾಡಿ ಎಂದು ಕೇಳುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಮತ್ತೆ ಘಟ್ಟ ಇಳಿಯುತ್ತೇನೆ — ಆಕೆ ಕೊಟ್ಟ ಕ್ಷಮೆಯನ್ನು ಆಕೆಗೇ ವಾಪಸ್ಸು ಕೊಟ್ಟು, ನನ್ನ ಹೆಸರು ಹೇಳಿ ಬರಲು.