ದೊಡ್ಡವಳು ಒಯ್ದ ಬನ್ನಿ

ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗಲೇ ಕಾಲೇಜಿನ ಕೆಲಸ ಬಿಟ್ಟು, ರಾಣೆಬೆನ್ನೂರಿನಲ್ಲಿ ಲೈಫ್ ಕೋಚ್ ಎಂದು ಬೋರ್ಡು ಹಾಕಿದೆ. ಮೊದಲ ತಿಂಗಳು ಅದನ್ನು ನೋಡಿ, "ಕ್ರಿಕೆಟ್ ಕಲಿಸ್ತೀರೇನ್ರಿ?" ಎಂದು ಕೇಳಿದವರೂ ಉಂಟು. ಲೈಫ್ ಕೋಚ್ ಡಾಕ್ಟರಲ್ಲ, ಜ್ಯೋತಿಷಿಯೂ ಅಲ್ಲ. ಬದುಕು ಎಲ್ಲೋ ಸಿಕ್ಕಿಕೊಂಡವರ ಜೊತೆ ಕೂತು, ಮುಂದಿನ ಹೆಜ್ಜೆ ಯಾವುದೆಂದು ಹುಡುಕಿ, ಅದನ್ನು ಹೋಂವರ್ಕ್ ಕೊಟ್ಟು ಮಾಡಿಸುವುದು ನಮ್ಮ ಕೆಲಸ. ಎಂಟು ವರ್ಷಗಳಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ಕೇಸು ಬಸವರಾಜಪ್ಪನವರದು. ಹೆಸರು ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ಮೂರು ವರ್ಷದ ಹಿಂದೆ, ದಸರೆಗೆ ಒಂದು ವಾರವಿರುವಾಗ, ಬ್ಯಾಡಗಿಯ ಈ ಮೆಣಸಿನಕಾಯಿ ವ್ಯಾಪಾರಿ ನಾಲ್ಕನೆಯ ಭೇಟಿಗೆ ಬಂದರು. ತಂದೆ ತೀರಿಕೊಂಡ ದಿನ ತಡವಾಗಿ ಬಂದಳೆಂದು ತಂಗಿಯನ್ನು ನೆಂಟರೆದುರು ಬೈದಿದ್ದರು. ಅಂದಿನಿಂದ ಮೇಡ್ಲೇರಿಯ ಆ ತಂಗಿಯ ಜೊತೆ ಮಾತಿಲ್ಲ. ಈಗ ಅವಳ ಮಗಳ ಮದುವೆ ನಿಶ್ಚಯವಾಗಿತ್ತು. ಇರುವ ಒಬ್ಬನೇ ಸೋದರಮಾವ ಹೋಗದೆ ಮದುವೆ ಮುಗಿದುಹೋದರೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಹೋಗುವ ಆಸೆ ಇತ್ತು, ಕಾಲು ಏಳುತ್ತಿರಲಿಲ್ಲ.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎನ್ನುತ್ತೇವೆ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಡುವುದು ವಾಡಿಕೆ. ನಾನು ವಾಡಿಕೆಯನ್ನೇ ತಿರುಗಿಸಿ, ಈ ಸಲ ದೊಡ್ಡವರಾದ ನೀವೇ ಬನ್ನಿ ಒಯ್ಯಿರಿ ಎಂದು ಹೋಂವರ್ಕ್ ಕೊಟ್ಟೆ.

ಅವರು ಕುರ್ಚಿ ಹಿಂದೆ ಸರಿಸಿದರು. "ಸಣ್ಣಾಕಿ ಮನಿಗೆ ನಾ ಹೋಗ್ಬೇಕೇನ್ರಿ ಮೇಡಮ್ಮಾರ? ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಂಗಿ ಹಾವೇರ್ಯಾಗ ನಮ್ಮ ಮನಿಯಾಕಿ ಜೋಡಿ ಒಂದಾ ಸಾಲ್ಯಾಗ ಟೀಚರ್ ಅದಾರ. ಅವರ ಜೋಡಿ ನೀವು ಮಾತಾಡಿ ಎಷ್ಟ್ ವರ್ಷ ಆತ್ರಿ? ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ ಆಗಬಾರದಲ್ರಿ."

ಮೈ ಉರಿಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕ್ಲೈಂಟ್ ಎದುರು ಸ್ವಂತ ಸಂಸಾರ ಬಿಚ್ಚಬಾರದೆಂಬುದು ನಮ್ಮ ಟ್ರೇನಿಂಗಿನ ನಿಯಮ, ಅದನ್ನು ಹೇಳಿ ಪಾರಾಗಬಹುದಿತ್ತು. ಆದರೆ ಅವರು ಹೇಳಿದ್ದು ಖರೆ. ಸಂಬಂಧಿಕರ ಮನೆಯ ಕುಬಸದಲ್ಲಿ, ಅಂದರೆ ಸೀಮಂತದ ಕಾರ್ಯದಲ್ಲಿ, ಹತ್ತು ಹೆಂಗಸರ ಮುಂದೆ, ಮಗಳನ್ನು ಹೇಗೆ ಬೆಳೆಸಬೇಕೆಂದು ತಂಗಿಗೆ, ಅವಳು ಕೇಳದೆಯೇ, ಪಾಠ ಹೇಳಿದ್ದೆ. ಆಮೇಲೆ ಸಣ್ಣವಳು ತಾನೇ ಬರಲಿ ಎಂದು ಕೂತೆ. ದಸರೆಗೆ ಫೋನಿನಲ್ಲಿ ಬನ್ನಿಯ ಚಿತ್ರ ಕಳಿಸಿ ಕೈ ತೊಳೆದುಕೊಂಡಿದ್ದೆ.

"ಎರಡು ವರ್ಷ ಆತ್ರಿ," ಎಂದೆ. "ಈ ಸಲ ಮೊದ್ಲ ನಾ ಹೋಗ್ತೇನಿ. ಏನಾತಂತ ಫೋನ್ ಮಾಡ್ತೇನಿ. ಆಮ್ಯಾಲ ನೀವು."

"ಅವರು ಬಾಗಲಾ ತಗೀಲಿಲ್ಲಂದ್ರ?"

"ಅದನ್ನೂ ಹೇಳ್ತೇನಿ."

ಹಬ್ಬದ ದಿನ ಬಸ್ಸು ಹತ್ತಿ ಹಾವೇರಿಗೆ ಹೋದೆ. ನೂರಾರು ಜನರ ಮುಂದೆ ಮೈಕ್ ಹಿಡಿದವಳು, ಆ ಬಾಗಿಲು ತಟ್ಟುವ ಮೊದಲು ಎರಡು ಸಲ ಗೇಟಿನವರೆಗೆ ಹಿಂತಿರುಗಿದೆ. ತಂಗಿ ಬಾಗಿಲು ತೆರೆದು, ನನ್ನ ಕೈಯಲ್ಲಿದ್ದ ಎಲೆಗಳನ್ನೇ ನೋಡಿದಳು.

"ಅಕ್ಕ ಆಗಿ ಬಂದೀಯೋ, ಕೋಚ್ ಆಗಿ ಬಂದೀಯೋ?"

"ತಪ್ಪು ಮಾಡಿದಾಕಿ ಆಗಿ ಬಂದೇನಿ."

ಅವಳು ಎರಡೂ ಕೈಯೊಡ್ಡಿ ಬನ್ನಿ ತೆಗೆದುಕೊಂಡಳು. ನಾನು ಹೊಸ್ತಿಲಲ್ಲೇ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಬಸವರಾಜಪ್ಪನವರಿಗೆ ಫೋನ್ ಮಾಡಿ, ತಂಗಿ ಬನ್ನಿ ತಗೊಂಡಳೆಂದು ಹೇಳಿದೆ. ಅತ್ತ ಕಡೆಯಿಂದ ಗಾಡಿಗಳ ಸದ್ದು ಕೇಳುತ್ತಿತ್ತು. "ನಾ ಆಗಲೇ ಮೇಡ್ಲೇರಿ ದಾರಿ ಹಿಡದೇನ್ರಿ," ಎಂದರು. "ನಿಮ್ಮ ಫೋನ್ ಬರೂತನಕ ಮನ್ಯಾಗ ಕುಂದರಾಕ ಆಗಲಿಲ್ಲ."

ನನ್ನನ್ನೂ ಕರೆದಿದ್ದ ಆ ಮದುವೆಯಲ್ಲಿ ಅವರು ತಂಗಿಯ ಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದಾಗ ನನ್ನ ಎದೆ ಉಬ್ಬಿತ್ತು. ಆ ಹೆಮ್ಮೆಯಲ್ಲಿ ಅರ್ಧ ಪಾಲು ಅವರ ಪ್ರಶ್ನೆಯದು.

ಅಂದಿನಿಂದ ನಾನು ಮಾಡಲಾಗದ ಹೋಂವರ್ಕನ್ನು ಯಾರಿಗೂ ಕೊಟ್ಟಿಲ್ಲ. ಸಿಟ್ಟು ಇನ್ನೂ ಹೋಗಿಲ್ಲ, ಬುದ್ಧಿ ಹೇಳುವ ಚಟವೂ. ಕಳೆದ ವಾರ ತಂಗಿ ಫೋನ್ ಮಾಡಿ, "ಅಕ್ಕಾ, ಹುಡುಗಿ ನನ್ನ ಮಾತ ಕೇಳವಲ್ಲಳು, ಏನ್ ಮಾಡ್ಲಿ?" ಎಂದಳು. ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ನಾನು ಬಾಯಿ ತೆರೆಯಲಿಲ್ಲ.