ಓದದೆ ಹಾಕಿದ ಸಹಿ

ನಿಮ್ಮ ಅವ್ವನ ಲಗ್ನಕ್ಕೆ ನಿಮ್ಮ ಅಜ್ಜ ಬರಲಿಲ್ಲ. ಬೇನೆ ಬಿದ್ದು ಮಿರಜದ ದವಾಖಾನೆಯಲ್ಲಿದ್ದರು ಎಂದು ನಿಮಗೆ ಹೇಳುತ್ತ ಬಂದಿದ್ದೇವೆ. ಅದು ಸುಳ್ಳು. ಅವರು ಬೆಳಗಾವಿಯ ಜೈಲಿನಲ್ಲಿದ್ದರು. ಇದನ್ನು ಬಾಯಿಬಿಟ್ಟು ಹೇಳಲು ನಿಮ್ಮ ಅಜ್ಜಿಯಾದ ನನ್ನಿಂದ ಆಗಲಿಲ್ಲ. ನಾಲ್ಕು ಮಂದಿಯ ಮುಂದೆ ನನಗೆ ದನಿಯೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಲುವೆ ನೀರಿನ ಪಾಳಿಯ ಸಲುವಾಗಿ ಪಕ್ಕದ ಹೊಲದವನ ಜೊತೆ ಜಗಳ ಬಿದ್ದು, ನಿಮ್ಮ ಅಜ್ಜ ಸಲಿಕೆಯ ಕಟ್ಟಿಗೆಯ ಕಾವಿನಿಂದ ಹೊಡೆದರು. ಆ ಮನುಷ್ಯ ಮೂರನೆಯ ದಿನ ತೀರಿಕೊಂಡ. ಹೊಡೆದಿಲ್ಲವೆಂದು ಅವರೂ ಅನ್ನಲಿಲ್ಲ, ನಾನೂ ಅನ್ನುವುದಿಲ್ಲ. ಚಿಕ್ಕೋಡಿಯ ಕೋರ್ಟಿನಲ್ಲಿ ಏಳು ವರ್ಷದ ಶಿಕ್ಷೆಯಾಯಿತು.

ಮೂರು ವರ್ಷ ಕಳೆದ ಮೇಲೆ ನಿಮ್ಮ ಅವ್ವನಿಗೆ ಅಥಣಿ ಕಡೆಯ ಗಂಡು ಗೊತ್ತಾಯಿತು. ಜೈಲಿನಲ್ಲಿದ್ದವರು ಮನೆಯ ಲಗ್ನಕ್ಕೋ ಸಾವಿಗೋ ಕೆಲವು ದಿನ ಬಂದು ಹೋಗಲು ಅರ್ಜಿ ಹಾಕಬಹುದು. ಅದಕ್ಕೆ ಪೆರೋಲ್ ಎನ್ನುತ್ತಾರೆ. ಅರ್ಜಿ ಹಾಕಿದರೆ ಠಾಣೆಯವರು ಊರಿಗೆ ಬಂದು, ಇವನು ಬಂದರೆ ಯಾರದಾದರೂ ತಕರಾರಿದೆಯೇ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ನಿಮ್ಮ ಅಜ್ಜ ಹದಿನೈದು ದಿನ ಕೇಳಿದ್ದರು. ಭೇಟಿಗೆ ಹೋದಾಗ ಕಬ್ಬಿಣದ ಜಾಳಿಗೆಯ ಆಚೆಯಿಂದ, "ಮಗಳ ಕೈ ನಾನ ಹಿಡದ ಕೊಡಬೇಕು. ಆಮ್ಯಾಲ ಬೇಕಾದ್ರ ಇನ್ನ ಹತ್ತ ವರ್ಷ ಇಲ್ಲೇ ಇಡ್ಲಿ" ಎಂದಿದ್ದರು.

ಲಗ್ನಕ್ಕೆ ಮೂರು ವಾರ ಇರುವಾಗ ಹವಾಲ್ದಾರ ಮನೆಗೆ ಬಂದ. ಮೊದಲು ಸತ್ತವನ ಮನೆಗೆ ಹೋಗಿ ಬಂದಿದ್ದನಂತೆ. ನಮ್ಮ ಪಡಸಾಲೆಯಲ್ಲಿ ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವನವರು, ಅವನಿಗೆ ಕುರ್ಚಿ ಹಾಕಿಸಿದರು. ನಾನು ಸೆರಗು ಹೊದ್ದು ಬಾಗಿಲ ಹಿಂದೆ ನಿಂತೆ. ಭಾವನವರ ಎದುರು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ನಾನು ಅವರ ಮುಂದೆ ಬಾಯಿ ತೆರೆದಿರಲಿಲ್ಲ.

"ಅಕ್ಕಾರ, ನಿಮ್ಮ ಮಾಲಕರು ಬಂದ್ರ ನಿಮ್ದೇನರ ತಕರಾರ ಐತೇನ್ರಿ?" ಎಂದು ಹವಾಲ್ದಾರ ಬಾಗಿಲ ಕಡೆ ನೋಡಿ ಕೇಳಿದ.

"ಅಕಿನ್ನೇನ್ ಕೇಳ್ತೀರಿ? ನಾ ಅದೀನಲ್ರಿ" ಎಂದರು ಭಾವನವರು.

"ಲಗ್ನ ಅಕ್ಕಾರ ಮಗಳದೋ, ನಿಮ್ದೋ ಕಾಕಾ?"

"ಈ ವಯಸ್ಸಿನ್ಯಾಗ ನಂಗ್ಯಾರ ಹೆಣ್ಣ ಕೊಡ್ತಾರ್ರಿ? ಬರ್ಕೋರಿ, ನಾ ಹೇಳ್ತೀನಿ. ತಂಗಿ, ಸಾಹೇಬ್ರಿಗೆ ಚಹಾ ಮಾಡ."

ಇಬ್ಬರೂ ನಕ್ಕರು. ನಾನು ಒಳಗೆ ಹೋದೆ. ಹಾಲು ಉಕ್ಕುವಷ್ಟು ಹೊತ್ತು, ಅಷ್ಟೇ. ಚಹಾ ತಂದಾಗ ಹಾಳೆ ತುಂಬಿತ್ತು.

"ಓದಿ ಸಹಿ ಮಾಡ್ರಿ ಅಕ್ಕಾರ. ಓದಾಕ ಬರತೈತಿಲ್ರಿ?"

"ಏಳನೇತ್ತಾ ಕಲ್ತಾಳ. ಪೇಪರ್ ಸೈತ ಓದ್ತಾಳ" ಎಂದರು ಭಾವನವರು.

"ಹಂಗಾರ ಓದ್ಲಿ."

"ಯಾಕ, ನನ್ನ ಮ್ಯಾಲ ನಂಬಿಗಿ ಇಲ್ಲೇನ ಅಕಿಗೆ?"

ಆ ಮಾತು ಕೇಳಿದ ಮೇಲೆ ನಾನು ಹೇಗೆ ಓದಲಿ? ಹಿರಿಯರು ಬರೆಸಿದ್ದನ್ನು ಅವರ ಕಣ್ಣೆದುರು ಓದುವುದೆಂದರೆ ಅವರನ್ನು ಕಳ್ಳರೆಂದ ಹಾಗೆ. ಎಲ್ಲಿ ಸಹಿ ಮಾಡಬೇಕೆಂದು ಹವಾಲ್ದಾರ ಬೆರಳಿಟ್ಟು ತೋರಿಸಿದ. ಅಲ್ಲಿಯೇ ಮಾಡಿದೆ. ಅಕ್ಷರ ದುಂಡಗಿವೆ ಎಂದು ಹೊಗಳಿದ ಕೂಡ.

ಲಗ್ನದ ದಿನದವರೆಗೆ ಕಾದೆವು. ಅಕ್ಕಿಕಾಳು ಹಾಕುವ ಹೊತ್ತಿನಲ್ಲೂ ನಿಮ್ಮ ಅವ್ವ ರಸ್ತೆಯ ಕಡೆ ನೋಡುತ್ತಿದ್ದಳು. ಭಾವನವರೇ ಅವಳ ಕೈ ಹಿಡಿದು ಕೊಟ್ಟರು.

ಎಂಟು ದಿನ ಬಿಟ್ಟು, ಬುಂದೆ ಲಾಡು ಕಟ್ಟಿಕೊಂಡು ಬೆಳಗಾವಿಗೆ ಹೋದೆ. ನಿಮ್ಮ ಅಜ್ಜ ಜಾಳಿಗೆಯ ಹತ್ತಿರ ಬರದೆ ದೂರವೇ ನಿಂತರು. ಅವರಿಗೆ ಓದು ಬರುತ್ತಿರಲಿಲ್ಲ. ಅರ್ಜಿ ತಿರುಗಿ ಬಂದ ಕಾರಣವನ್ನು ಅಲ್ಲಿಯ ಗುಮಾಸ್ತ ಓದಿ ಹೇಳಿದ್ದನಂತೆ: ಕೈದಿ ಮನೆಗೆ ಬಂದರೆ ನನಗೆ ಅಂಜಿಕೆ ಇದೆ, ಲಗ್ನ ಕೆಡುತ್ತದೆ, ಕಳಿಸಬಾರದು, ಎಂದು ಸ್ವಂತ ಹೆಂಡತಿಯ ಹೇಳಿಕೆ, ಸಹಿಸಮೇತ.

"ಸತ್ತಾಂವನ ಹೆಂಡ್ತಿ ಏನ್ ಬರಿಸ್ಯಾಳ ಗೊತ್ತೈತೇನ? ಮಗಳ ಲಗ್ನ ಐತಿ, ಬಂದ ಹೋಗ್ಲಿ ಅಂದಾಳ. ಅಕಿ ಅಂದಾಳ. ನೀ ಬ್ಯಾಡ ಅಂದಿ."

"ನಾ ಅದನ್ನ ಓದಲಿಲ್ಲರಿ" ಎಂದೆ.

"ಓದಲಿಲ್ಲ?"

"ಭಾವನವರು ಇದ್ರು."

ಅವರು ಬೆನ್ನು ತಿರುಗಿಸಿ ಒಳಗೆ ನಡೆದರು. ಬಯ್ದಿದ್ದರೆ ಚಲೋ ಇತ್ತು. ಲಾಡು ಅಲ್ಲಿಯ ಪಹರೆಯವನಿಗೆ ಕೊಟ್ಟು ಬಂದೆ.

ಭಾವನವರು ಯಾಕೆ ಹಾಗೆ ಬರೆಸಿದರು? ಬೀಗರ ಮುಂದೆ ಜೈಲಿನವನು ಹಂದರದಲ್ಲಿ ನಿಂತರೆ, ಹಿಂದೆ ಪೊಲೀಸರು ಬಂದರೆ ಮನೆತನದ ಮರ್ಯಾದೆ ಹೋಗುತ್ತದೆ ಎಂದು. ಇದನ್ನು ಅವರು ತಮ್ಮ ಹೆಂಡತಿಯ ಕೈಯಲ್ಲಿ ನನಗೆ ಹೇಳಿಸಿದರು. ತಮ್ಮ ಹೆಸರಿನಲ್ಲಿ ಬರೆಸಲು ಅವರಿಗೆ ನಾಚಿಕೆಯಾಯಿತೋ ಏನೋ, ನನ್ನ ಹೆಸರು ಸಾಕಾಯಿತು. ಅವರು ಸಾಯುವತನಕ ನಾನು ಅವರನ್ನು ಕೇಳಲಿಲ್ಲ. ಅವರ ಹೆಣದ ಮುಂದೆ ಅತ್ತೆ, ಆದರೆ ಅವರಿಗಾಗಿ ಅಲ್ಲ.

ನಿಮ್ಮ ಅಜ್ಜ ಮತ್ತೊಮ್ಮೆ ಅರ್ಜಿ ಹಾಕಲಿಲ್ಲ. ಶಿಕ್ಷೆ ಮುಗಿಸಿಯೇ ಬಂದರು. ಆಮೇಲೆ ಐದು ವರ್ಷ ಬದುಕಿದರು. ನಾನು ಬಡಿದ ರೊಟ್ಟಿ ಉಂಡರು, ಹೊಲಕ್ಕೆ ಜೊತೆಯಲ್ಲೇ ಹೋದರು, ಒಂದು ದಿನವೂ ಆ ಮಾತು ಎತ್ತಲಿಲ್ಲ. ಆದರೆ ಮೊದಲೆಲ್ಲ ಸೊಸೈಟಿಯ ನೋಟಿಸು, ಔಷಧದ ಚೀಟಿ, ಏನು ಬಂದರೂ ಯಾರಿಗೂ ಕಾಣದಂತೆ ಬಾಗಿಲು ಮುಂದೆ ಮಾಡಿ ನನ್ನ ಕೈಲಿ ಓದಿಸುತ್ತಿದ್ದವರು, ಬಂದ ಮೇಲೆ ಒಂದು ಹಾಳೆಯನ್ನೂ ನನ್ನ ಕೈಗೆ ಕೊಡಲಿಲ್ಲ. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಬಿಸಿಲಿರಲಿ ಮಳೆ ಇರಲಿ, ಊರ ಅಗಸಿಬಾಗಿಲ ಹತ್ತಿರದ ಕಿರಾಣಿ ಅಂಗಡಿಯವನ ಹತ್ತಿರ ಹೋಗಿ ಓದಿಸಿಕೊಂಡು ಬರುತ್ತಿದ್ದರು.