ಅಪ್ಪನ ನೀಲಿಗೆ ಹತ್ತಿದ ರೈಲಿನ ಧೂಳು

ಬ್ರೆಡ್ಡಿನ ತೆಳು ಪ್ಲಾಸ್ಟಿಕ್ ಚೀಲವನ್ನು ಮೂರು ಬೆರಳಿಗೆ ತೊಡಿಸಿ ಕಾರಿನ ಬಾನೆಟ್ ಮೇಲೆ ಸವರಿದೆ. ಸಣ್ಣ ರವೆಯ ಮೇಲೆ ಕೈಯಾಡಿಸಿದ ಹಾಗೆ ಕರಕರ ಅಂದಿತು. ಆಗಷ್ಟೇ ಎರಡು ಸಲ ತೊಳೆದು ಒರೆಸಿದ್ದ ಬಾನೆಟ್ ಅದು. ಬರಿಗೈಗೆ ಅಷ್ಟು ತಿಳಿಯುವುದಿಲ್ಲ. ಚೀಲ ತೊಟ್ಟರೆ ತಿಳಿಯುತ್ತದೆ.

ಕಾರು ಅಪ್ಪನದು. ಗುಮಾಸ್ತನಾಗಿದ್ದಷ್ಟು ಕಾಲವೂ ಅವನು ರಾಮಸಮುದ್ರದ ನಮ್ಮ ಮನೆಯಿಂದ ಯಾದಗಿರಿ ಸ್ಟೇಷನ್ನಿಗೆ ಅದನ್ನು ಓಡಿಸಿಕೊಂಡು ಹೋಗಿ, ಹಳಿಯ ಪಕ್ಕದ ಬೇಲಿಗೆ ಹಚ್ಚಿ ನಿಲ್ಲಿಸಿ, ರೈಲು ಹತ್ತುತ್ತಿದ್ದ. ರೈಲು ಬ್ರೇಕ್ ಹಾಕಿದಾಗೆಲ್ಲ ಹಾರುವ ಕಬ್ಬಿಣದ ಪುಡಿ ಬಣ್ಣದೊಳಗೆ ಕೂತು, ತುಕ್ಕು ಹಿಡಿದು, ನೀಲಿಯ ತುಂಬ ಕಂದು ಚುಕ್ಕಿ ಎಬ್ಬಿಸಿತ್ತು. ಬಿಳಿ ಕಾರು ಅಂದೇ ಸಿಗುತ್ತಿದ್ದರೂ ಆ ನೀಲಿಗಾಗಿ ಅಪ್ಪ ಮೂರು ತಿಂಗಳು ಕಾದಿದ್ದ. ಪಡಸಾಲೆಯಲ್ಲಿ ಬುದ್ಧನ ಪಟದ ಹಿಂದಿನ ಗೋಡೆಗೂ ಅದೇ ನೀಲಿ ಹೊಡೆಸಿದ್ದಾನೆ.

ಶಹಾಪುರದ ಪೇಂಟರ್ ಬಾನೆಟ್ ಮೇಲೆ ಉಗುರಾಡಿಸಿ, "ಬಣ್ಣ ಸತ್ತೈತ್ರಿ ಸರ. ಈ ನೀಲಿ ಈಗ ಬರಂಗಿಲ್ಲ. ಪೂರಾ ಬಿಳಿ ಹೊಡ್ದುಬಿಡ್ತೀನಿ, ಮಸ್ತ್ ಕಾಣ್ತದ" ಅಂದಿದ್ದ. ಸೋಮವಾರ ತರುತ್ತೇನೆಂದು ಅಪ್ಪ ಒಪ್ಪಿ ಬಂದ. ಅಂದಿನಿಂದ ಅವನು ಸರಿಯಾಗಿ ಉಣ್ಣುತ್ತಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದಳು. ನಾನು ಸುರಪುರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಂದು ಕ್ಲೇ ಬಾರ್, ಒಂದು ಸೀಸೆ ಪಾಲಿಶ್ ತರಿಸಿಕೊಂಡು ಶನಿವಾರದ ಬಸ್ಸಿಗೆ ಬಂದೆ. ಕ್ಲೇ ಅಂದರೆ ಮಕ್ಕಳು ಆಟಕ್ಕೆ ಬಳಸುವ ಮೆತ್ತನೆ ಮುದ್ದೆಯಂಥದೇ, ಸ್ವಲ್ಪ ಬಿರುಸು.

ಭಾನುವಾರ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ ಶುರು ಮಾಡಿದೆ. ಷಾಂಪೂ ಬೆರೆಸಿದ ನೀರು ಚಿಮುಕಿಸಿ, ಕ್ಲೇಯನ್ನು ಚಪ್ಪಟೆ ಮಾಡಿ, ಒತ್ತದೆ ಹಿಂದೆ ಮುಂದೆ ಜಾರಿಸಬೇಕು. ಬಣ್ಣಕ್ಕೆ ಕಚ್ಚಿಕೊಂಡದ್ದು ಅದಕ್ಕೆ ಅಂಟಿ ಬರುತ್ತದೆ. ಕಂದಾದಾಗ ಮಡಚಿ, ನಾದಿ, ಹೊಸ ಮುಖ ತೆಗೆಯಬೇಕು. ಪಾಲಿಶ್ ಆಮೇಲೆ. ಪುಡಿ ಬಿಡಿಸದೆ ಉಜ್ಜಿದರೆ ಆ ಪುಡಿಯೇ ಬಣ್ಣ ಗೀರುತ್ತದೆ.

"ಏ, ನಿನ್ನ ಮಗಳು ಕಾರಿಗೆ ರೊಟ್ಟಿ ಬಡ್ಯಾಕತ್ತಾಳ ನೋಡ ಬಾ," ಎಂದ ಅಪ್ಪ, ಕಟ್ಟೆಯ ಮೇಲಿಂದ.

"ಓದಿಸ್ದೋರು ನೀವ. ಈಗ ತಿನ್ರಿ ಆ ರೊಟ್ಟಿ," ಒಳಗಿನಿಂದ ಅವ್ವ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಬಾನೆಟ್ ಮುಗಿದಿತ್ತು. ಅದು ನುಣುಪಾಗಿತ್ತು, ಆದರೆ ಮಂಕಾಗಿಯೇ ಇತ್ತು. ನೆರಳು ಸರಿದು ನೀರು ಬೇಗ ಆರತೊಡಗಿ, ಕ್ಲೇ ಅಂಟಿಕೊಳ್ಳುತ್ತಿತ್ತು. ಬಳಸುತ್ತಿದ್ದ ತುಂಡನ್ನು ಬಟ್ಟಲಲ್ಲಿಟ್ಟು ಉಣ್ಣಲು ಹೋದೆ. ಉಂಡು ಅರ್ಧ ತಾಸು ಮಲಗಿದೆ.

ಹೊರಗೆ ಬಂದರೆ ಇಡೀ ಬಾನೆಟ್ ಹೊಸದರಂತೆ ಹೊಳೆಯುತ್ತಿತ್ತು. ಅಪ್ಪ ಅದರ ಮುಂದೆ ನಿಂತು ಪೇಂಟರ್ ಜೊತೆ ಫೋನಿನಲ್ಲಿದ್ದ. "ನಾಳೆ ಬರಂಗಿಲ್ರಿ. ಬಣ್ಣ ಸತ್ತಿಲ್ಲ. ಖರೇ ಹೇಳ್ತೀನಿ, ನನ್ನ ಮಗಳು ಜೀವಾ ತಂದಾಳ."

ಬಟ್ಟಲಲ್ಲಿದ್ದ ಕ್ಲೇ ಹಲ್ವದಂತೆ ಮೆತ್ತಗಾಗಿತ್ತು. ಪಕ್ಕದಲ್ಲೇ ನಿಂತಿದ್ದ ಅವ್ವನ ಕೈ ಮಣಿಕಟ್ಟಿನವರೆಗೆ ಮಿರಮಿರ ಮಿಂಚುತ್ತಿತ್ತು.

"ಯವ್ವಾ, ಏನ್ ಹಚ್ಚಿದಿ?" ಮೆಲ್ಲಗೆ ಕೇಳಿದೆ.

"ಕುಸುಬಿ ಎಣ್ಣಿ. ನೀ ದಣದಿದ್ದಿ, ಉಳಿದಿದ್ದು ನಾ ಮಾಡೋಣಂತ ಕುಂತ್ರ ಅಂಟಾಕತ್ತಿತ್ತು. ರೊಟ್ಟಿ ಹಿಟ್ಟು ಅಂಟಿದ್ರ ನೀರು, ಚಪಾತಿ ಹಿಟ್ಟು ಅಂಟಿದ್ರ ಎಣ್ಣಿ. ಇದು ಚಪಾತಿ ಹಿಟ್ಟಿನಂಗ ಐತಿ. ಹಚ್ಚಿದಲ್ಲಿ ಹೊಳ್ಯಾಕತ್ತಿತ್ತು, ಪೂರಾ ಸವರಿಬಿಟ್ಟೆ. ಯಾಕ, ತಪ್ಪಾತೇನ?"

ಹೊಳಪು ಎಣ್ಣೆಯದು. ಅದರಡಿಯ ನೀಲಿಗೆ ಜೀವವಿದೆಯೋ ಇಲ್ಲವೋ ಪಾಲಿಶ್ ಹಚ್ಚುವವರೆಗೆ ನನಗೂ ಗೊತ್ತಾಗುವಂತಿರಲಿಲ್ಲ. ಅಪ್ಪ ಆಗಲೇ ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಿದ್ದ.

"ತಪ್ಪೇನಿಲ್ಲ ಬೇ," ಅಂದೆ.

ಸಂಜೆಗೆ ಎಣ್ಣೆಯ ಮೇಲೆ ಧೂಳು ತೆಳ್ಳಗೆ ಕೂತಿತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಬಂದಾಗ, "ಅಪ್ಪಾ, ಇನ್ನಾ ಕೆಲಸ ಐತಿ, ಮುಟ್ಟಬ್ಯಾಡ" ಎಂದು ತಡೆದೆ. ಹೂಂ ಎಂದು ಹಿಂದೆ ಸರಿದ. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಮರುದಿನ ಬೆಳಿಗ್ಗೆ ಅಪ್ಪ ಹೊಲದ ಕಡೆ ತಿರುಗಾಡಲು ಹೋದೊಡನೆ ಪಾತ್ರೆ ತೊಳೆಯುವ ಸೋಪಿನಿಂದ ಬಾನೆಟ್ಟನ್ನು ಎರಡು ಸಲ ತೊಳೆದೆ. ಹೊಳಪೆಲ್ಲ ನೀರಿನೊಂದಿಗೆ ಹೋಯಿತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಬಂದು ಷಾಂಪೂ ನೀರಿನ ತಂಬಿಗೆ ಹಿಡಿದಳು. ಪೊಟ್ಟಣದಲ್ಲಿ ಉಳಿದಿದ್ದ ಕ್ಲೇಯಿಂದ ಮಿಕ್ಕ ಅರ್ಧ ಮುಗಿಸಿದೆ. ಅವಳು ಚಿಮುಕಿಸುತ್ತ ಹೋದಳು. ಚೀಲ ತೊಟ್ಟು ಸವರಿದರೆ ಎಲ್ಲಿಯೂ ಕರಕರ ಇಲ್ಲ. ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಪಾಲಿಶ್ ಹಚ್ಚಿ, ತೋಳು ನೋಯುವ ತನಕ ಉಜ್ಜಿ, ಒರೆಸಿದೆ. ನೀಲಿಯೊಳಗೆ ಬೇವಿನ ಎಲೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು.

"ಇದು ಎಣ್ಣಿ ಅಲ್ಲಲ್ಲ?" ಅವ್ವ ಕೇಳಿದಳು.

"ಅಲ್ಲ."

ಕಾಲೇಜಿಗೆ ಫೋನ್ ಮಾಡಿ ಒಂದು ದಿನ ರಜೆ ಹೇಳಿದೆ. ಆಮೇಲೆ ಪಕ್ಕದ ಅಂಗೈಯಗಲಕ್ಕೆ ಪಾಲಿಶ್ ಹಚ್ಚಿದೆ.